ಎಣಿಕೆಗೆ ಬಾರದ ಗಾಯಗಳು

ಒಲೆಯ ಮೇಲಿಟ್ಟ ಕುಕ್ಕರು ಸಿಡಿದು ಗೃಹಿಣಿಯೊಬ್ಬಳ ಕೈ ಸುಟ್ಟರೆ ನಾವು ಏನೆನ್ನುತ್ತೇವೆ? 'ಗ್ರಹಚಾರ' ಎನ್ನುತ್ತೇವೆ, ಇಲ್ಲವೆ 'ಎಚ್ಚರ ತಪ್ಪಿದಳು' ಎನ್ನುತ್ತೇವೆ. ಕುಕ್ಕರಿನಲ್ಲಿಯೇ ದೋಷವಿದ್ದಿರಬಹುದೆಂಬ ಸಂಶಯ ಹುಟ್ಟುವುದು ಅಪರೂಪ.

ಅದಕ್ಕೆ ಕಾರಣವುಂಟು. ಅಂಥ ಗಾಯಾಳು ಒಬ್ಬರು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಬಂದರೆನ್ನೋಣ. ಅದೇ ತಿಂಗಳು ಪಾಂಡವಪುರಕ್ಕೊಬ್ಬರು, ಕೃಷ್ಣರಾಜಪೇಟೆಗೊಬ್ಬರು, ನಾಗಮಂಗಲಕ್ಕೊಬ್ಬರು ಬಂದರೆನ್ನೋಣ. ಆಯಾ ಊರಿನ ವೈದ್ಯರಿಗೆ ಅದು ಒಂದು ಆಕಸ್ಮಿಕ ಮಾತ್ರ. ನಾಲ್ವರೂ ಕೊಂಡದ್ದು ಒಂದೇ ಬಗೆಯ ಕುಕ್ಕರೆಂಬುದು ನಾಲ್ಕು ದಾಖಲೆಗಳನ್ನೂ ಒಟ್ಟಿಗಿಟ್ಟು ನೋಡಿದವರಿಗಷ್ಟೇ ಹೊಳೆದೀತು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಅರಿವಿನ ವಿಷಯದಲ್ಲಿಯೂ ನಿಜ.

ಇಂಥ ಏರ್ಪಾಡು ಅಸಾಧ್ಯವಾದುದೇನೂ ಅಲ್ಲ. ಅಮೆರಿಕದಲ್ಲಿ 1972ರ ಕಾನೂನಿನಂತೆ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗವೊಂದು ಸ್ಥಾಪನೆಯಾಯಿತು. ಅನ್ನ ಬೆಂದಿದೆಯೆ ಎಂದು ಒಂದು ಅಗುಳನ್ನು ಹಿಸುಕಿ ನೋಡುವಂತೆ, ಅದು ಸುಮಾರು ನೂರು ಆಸ್ಪತ್ರೆಗಳನ್ನು ಆರಿಸಿಕೊಂಡು, ತುರ್ತುಚಿಕಿತ್ಸೆಗೆ ಬಂದವರ ವಯಸ್ಸು, ಗಾಯವಾದ ಅಂಗ, ಗಾಯಕ್ಕೆ ಕಾರಣವಾದ ವಸ್ತು ಇವುಗಳನ್ನು ದಾಖಲಿಸಿ, ಇಡೀ ದೇಶದ ಅಂದಾಜನ್ನು ಕಟ್ಟಿತು. ಹಸುಗೂಸುಗಳನ್ನು ಕೂರಿಸುವ ಗಾಲಿಯ ನಡೆಬಂಡಿಯಿಂದ 1990ರಲ್ಲಿ ಅಲ್ಲಿ ಸುಮಾರು 20,000 ಮಕ್ಕಳಿಗೆ ಗಾಯವಾಗಿತ್ತು. ಮೆಟ್ಟಿಲ ಅಂಚಿಗೆ ಬಂದೊಡನೆ ಬಂಡಿ ತಾನೇ ನಿಲ್ಲಬೇಕೆಂಬ ನಿಯಮ 1997ರಲ್ಲಿ ರೂಪುಗೊಂಡಿತು. 2003ರ ವೇಳೆಗೆ ಗಾಯಾಳುಗಳ ಸಂಖ್ಯೆ 4,000ಕ್ಕಿಂತಲೂ ಕೆಳಗಿಳಿಯಿತು. ತಾಯಂದಿರನ್ನು ದೂಷಿಸುವುದರಿಂದ ಆಗದ ಕೆಲಸಕ್ಕೆ ಬಂಡಿಯನ್ನು ತಿದ್ದಿದ್ದು ನೆರವಾಯಿತು.

ನಮ್ಮಲ್ಲಿಯೂ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ದೀಪಾವಳಿಯಲ್ಲಿ ಪಟಾಕಿಯಿಂದ ಗಾಯಗೊಂಡವರ ಲೆಕ್ಕವಿಡುತ್ತದೆ. ಪಟಾಕಿ ಹಚ್ಚದೆ ಸುಮ್ಮನೆ ನಿಂತು ನೋಡುತ್ತಿದ್ದವರೂ ಅವರಲ್ಲಿ ಅನೇಕರೆಂಬುದು ಇಂಥ ಲೆಕ್ಕದಿಂದ ತಿಳಿದುಬರುತ್ತದೆ. ಒಂದು ಹಬ್ಬಕ್ಕೆ ಸಲ್ಲುವ ಈ ಎಚ್ಚರ ವರ್ಷದ ಉಳಿದ ದಿನಗಳಿಗೂ ಸಲ್ಲಬೇಡವೆ?

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅಪಾಯಕರ ವಸ್ತುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಆದರೆ ಕೈಗೆ ಬಲವಿದ್ದು ಕಣ್ಣಿಗೆ ಕಾಣದಿದ್ದರೆ ಏನು ಫಲ? ಆ ಕಣ್ಣು ತಾಲ್ಲೂಕು ಆಸ್ಪತ್ರೆಯ ದಾಖಲೆಪುಸ್ತಕ. ಅದರಲ್ಲಿ 'ಸುಟ್ಟಗಾಯ' ಎಂದಷ್ಟೇ ಬರೆದರೆ ಸಾಲದು. ಯಾವ ವಸ್ತು, ಹೇಗೆ ಸುಟ್ಟಿತೆಂಬುದೂ ಇರಬೇಕು. ರೋಗಿಯ ಹೆಸರನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ವೈದ್ಯರಿಗೆ ಬಿಡುವಿಲ್ಲವೆಂಬ ಮಾತು ನಿಜ. ಮೊದಲು ಚಿಕಿತ್ಸೆ ನಡೆಯಲಿ. ಬರವಣಿಗೆಯನ್ನು ಅನಂತರ ಗುಮಾಸ್ತರು ಮಾಡಲಿ. ಸಂಖ್ಯೆಯೇ ತೀರ್ಪಲ್ಲ ಎಂಬುದೂ ನಿಜ. ಹೆಚ್ಚು ಮಾರಾಟವಾಗುವ ವಸ್ತುವಿನಿಂದ ಹೆಚ್ಚು ಗಾಯಗಳಾಗುವುದು ಸಹಜ. ಆದರೆ ಎಲ್ಲಿ ವಿಚಾರಣೆ ನಡೆಸಬೇಕೆಂಬುದನ್ನು ಸಂಖ್ಯೆ ತೋರಿಸಿಕೊಡುತ್ತದೆ.

ವಿದ್ಯಾರ್ಥಿಗಳೇ, ಗಾಯಾಳುವಿನೊಡನೆ ನೀವು ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಗಾಯ ಯಾವ ವಸ್ತುವಿನಿಂದ ಆಯಿತೆಂದು ಹೇಳಿ ಬರೆಯಿಸಿ. ಮುರಿದ ವಸ್ತುವನ್ನೂ ಅಂಗಡಿಯ ರಸೀದಿಯನ್ನೂ ಎಸೆಯಬೇಡಿ. ಒಬ್ಬರ ನೋವು ದಾಖಲೆಗೆ ಬಂದರೆ ಇನ್ನೊಬ್ಬರ ನೋವನ್ನು ತಡೆಯಬಹುದು.