ಉಳಿದ ರಜೆಯೂ ದುಡಿಮೆಯೇ

ಹನ್ನೊಂದು ವರ್ಷ ಗೇರುಬೀಜದ ಕಾರ್ಖಾನೆಗೆ ಹೋಗಿ ಬಂದ ಕೆರಾಡಿಯ ಸೋದರಿಯೊಬ್ಬರು ಬರೆದಿದ್ದಾರೆ: "ಅತ್ತೆಗೆ ಪಾರ್ಶ್ವವಾಯು. ನೋಡಿಕೊಳ್ಳಲು ಬೇರೆ ಜನ ಇಲ್ಲದ್ದರಿಂದ ಕೆಲಸ ಬಿಡುತ್ತಿದ್ದೇನೆ. ಮಾಡದೆ ಉಳಿದ ರಜೆಯ ಹಣ ಕೇಳಿದರೆ ರೈಟರು, 'ರಜಿ ಮಾಡ್ಬೇಡ ಅಂದರ್ ಯಾರ್? ಈಗ ದುಡ್ಡ್ ಎಂತಕೆ?' ಎಂದುಬಿಟ್ಟರು. ಮನೆಯಲ್ಲಿ ಇವರೂ, 'ಬಿಡು, ಮರ್ಯಾದೆಯಿಂದ ಬಂದುಬಿಡು' ಅಂತಾರೆ. ನಾನು ಕೇಳಿದ್ದು ತಪ್ಪೇ?"

ಖಂಡಿತ ತಪ್ಪಲ್ಲ, ತಂಗಿ. ಅಟ್ಟದ ಮೇಲಿನ ಅಕ್ಕಿಮುಡಿಯನ್ನು ಬಿಚ್ಚಲಿಲ್ಲ ಎಂದ ಮಾತ್ರಕ್ಕೆ ಅದು ಬೇರೆಯವರ ಪಾಲಾಗುತ್ತದೆಯೇ? ಸಂಬಳದ ರಜೆಯೂ ಹಾಗೆಯೇ. ನೀವು ದುಡಿದ ದಿನಗಳಿಂದ ಕೂಡಿಬಂದ ಗಳಿಕೆ ಅದು. ಸರ್ಕಾರಿ ನೌಕರರು ನಿವೃತ್ತರಾಗುವಾಗ 300 ದಿನಗಳವರೆಗಿನ ಗಳಿಕೆ ರಜೆಗೆ ಹಣ ಪಡೆಯುತ್ತಾರೆ. ಅವರನ್ನು ಯಾರಾದರೂ ದುರಾಸೆಯವರು ಅಂತಾರೆಯೇ?

20 ದಿನ ದುಡಿದರೆ 1 ದಿನ ಸಂಬಳದ ರಜೆ ಎಂಬುದು 1948ರ ಕಾರ್ಖಾನೆ ಕಾಯಿದೆಯಲ್ಲೇ ಇತ್ತು. ಆದರೆ ಅದಕ್ಕೆ ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಇದು 180 ದಿನಕ್ಕೆ ಇಳಿದಿದೆ. 26 ವಾರಗಳವರೆಗಿನ ಹೆರಿಗೆ ರಜೆಯನ್ನೂ ಈ 180ರೊಳಗೆ ಎಣಿಸಬೇಕು. ಬಳಸದೆ ಉಳಿದದ್ದನ್ನು 30 ದಿನಗಳವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು. ವರ್ಷದ ನಡುವೆ ಕೆಲಸ ಬಿಟ್ಟರೂ ಅಲ್ಲಿಯವರೆಗೆ ದುಡಿದ ದಿನಗಳಿಗೆ ತಕ್ಕ ರಜೆಯ ಹಣ ಸಲ್ಲಬೇಕು.

ಈಗ ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕಳೆದ ವರ್ಷ 260 ದಿನ ದುಡಿದಿದ್ದರೆ 13 ರಜೆ. ಅದರಲ್ಲಿ 3 ಮಾಡಿದ್ದರೆ ಉಳಿದದ್ದು 10. ಈ ವರ್ಷ 100 ದಿನ ದುಡಿದಿದ್ದರೆ ಇನ್ನೂ 5. ಒಟ್ಟು 15. ಕೂಲಿ ದಿನಕ್ಕೆ 450 ರೂಪಾಯಿ ಎಂದು ಹಿಡಿದರೂ 6,750 ರೂಪಾಯಿ ಆಯಿತು. ಅತ್ತೆಯವರ ಔಷಧಿಗೆ ಇದು ಸಣ್ಣ ಮೊತ್ತವೇನಲ್ಲ!

ಕೆಲಸ ಬಿಟ್ಟವರಿಗೆ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಈ ಹಣ ಕೊಡಬೇಕು. ದುಡಿಯುವವರು ತೀರಿಕೊಂಡರೆ ಎರಡು ತಿಂಗಳೊಳಗೆ ವಾರಸುದಾರರಿಗೆ ಸಲ್ಲಬೇಕು. ಯಜಮಾನರು ಕಾರ್ಖಾನೆಯಲ್ಲಿ ದುಡಿಯುತ್ತಿರುವ ಗೃಹಿಣಿಯರೂ ಇದನ್ನು ನೆನಪಿನಲ್ಲಿಡಿ.

ಇನ್ನು ಮಾಡಬೇಕಾದ್ದು: ಕೆಲಸ ಬಿಡುವ ವಿಷಯವನ್ನು ಬರೆದೇ ಕೊಡಿ, ಅದರ ನಕಲಿಗೆ ಸಹಿ ಹಾಕಿಸಿಕೊಳ್ಳಿ. ಹಾಜರಿ ಚೀಟಿ, ಸಂಬಳದ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಜೋಪಾನವಾಗಿಡಿ. ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡ್ ಎರಡೂ ಬೇರೆಯೇ; ರಜೆಯ ಹಣ ಅವುಗಳಲ್ಲಿ ಸೇರಿಲ್ಲ. ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಟಿಯನ್ನೂ ನೀವು ಕೇಳಬಹುದು. ರೈಟರು ಮತ್ತೆ ಇಲ್ಲವೆಂದರೆ ಜಗಳ ಬೇಡ. ಉಡುಪಿಯ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಒಂದು ಅರ್ಜಿ ಬರೆಯಿರಿ.

ನಿಮ್ಮ ಯಜಮಾನರಿಗೂ ಈ ಲೆಕ್ಕ ತೋರಿಸಿ. ದುಡಿದದ್ದನ್ನು ಕೇಳಿ ಪಡೆಯುವುದರಲ್ಲಿ ಮರ್ಯಾದೆಗೇಡು ಏನಿದೆ? ಆದರೆ "ಲೆಕ್ಕ ಚುಕ್ತಾ" ಎಂಬ ಕಾಗದ ಮುಂದಿಟ್ಟಾಗ ಮಾತ್ರ, ರಜೆಯ ಹಣ ಅದರಲ್ಲಿ ಬಂದಿದೆಯೇ ಎಂದು ಓದಿ, ಎಣಿಸಿಕೊಂಡು, ಆಮೇಲೆ ಸಹಿ ಹಾಕಿ.