ಆರೋಗ್ಯ ವಿಚಾರ: ಅಣಬೆಯ ಗುಳಿಗೆಯೂ ಅರ್ಜಿನೈನ್ ಪುಡಿಯೂ

ಮಧುಗಿರಿಯಿಂದ ಸೋದರಿಯೊಬ್ಬರು ಹೀಗೆ ಬರೆಯುತ್ತಾರೆ: "ನಮ್ಮ ಮಾವನವರಿಗೆ ಈಗ 68 ವರ್ಷ. ಕಳೆದ ವರ್ಷ ಹೃದಯಾಘಾತವಾಗಿ, ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮತ್ತು ರಕ್ತದೊತ್ತಡದ ಮಾತ್ರೆಗಳು ನಡೆದಿವೆ. ಬೆಂಗಳೂರಿನಲ್ಲಿರುವ ನನ್ನ ಮೈದುನ, ಅಪ್ಪನಿಗೆ ಬಲ ಬರಲೆಂದು ರೀಶಿ ಅಣಬೆಯ ಗುಳಿಗೆಗಳನ್ನೂ ಅರ್ಜಿನೈನ್ ಎಂಬ ಅಮೈನೋ ಆಮ್ಲದ ಪುಡಿಯನ್ನೂ ಕಳುಹಿಸಿದ್ದಾನೆ. ಎರಡನ್ನೂ ಒಟ್ಟಿಗೆ ಕೊಡಬಹುದೆ? ಕೊಡದಿದ್ದರೆ ಮೈದುನನಿಗೆ ಬೇಸರ. ಕೊಡಲು ನನಗೆ ಅಂಜಿಕೆ."

ಈ ಅಂಜಿಕೆ ಸಕಾರಣವಾದುದು. ಸದ್ಯಕ್ಕೆ ಎರಡು ಡಬ್ಬಗಳನ್ನೂ ಮುಚ್ಚಿಡುವುದೇ ಲೇಸು. ಕಾರಣವನ್ನು ವಿವರಿಸುತ್ತೇನೆ, ಇದೇ ಪ್ರಶ್ನೆ ಇತರ ವಾಚಕರ ಮನೆಗಳಲ್ಲಿಯೂ ಎದ್ದಿರಬಹುದು.

ರೀಶಿ ಎಂಬುದು ಜಪಾನೀಯರು ಇಟ್ಟ ಹೆಸರು. ಚೀನೀಯರು ಇದನ್ನು ಲಿಂಗ್‌ಝಿ ಎನ್ನುತ್ತಾರೆ. ಶಾಸ್ತ್ರಜ್ಞರ ಭಾಷೆಯಲ್ಲಿ ಇದು ಗ್ಯಾನೊಡರ್ಮ ಕುಲಕ್ಕೆ ಸೇರಿದ್ದು. ಹೆಸರು ಹೊಸದಾದರೂ ಈ ಕುಲ ತುಮಕೂರು ಸೀಮೆಗೆ ಹೊಸದಲ್ಲ. ತೆಂಗು, ಅಡಿಕೆಯ ತೋಟಗಳಲ್ಲಿ ಮರದ ಬುಡಕ್ಕೆ ಅಂಟಿಕೊಂಡು, ಮೆರುಗೆಣ್ಣೆ ಬಳಿದಂತೆ ಹೊಳೆಯುವ ಕೆಂಗಂದು ಬಣ್ಣದ ಗಟ್ಟಿ ಅಣಬೆಯನ್ನು ಕೊರಟಗೆರೆ, ಶಿರಾ ಕಡೆಯವರು ನೋಡಿಯೇ ಇರುತ್ತಾರೆ. ಮರವನ್ನು ಬುಡದಿಂದ ಕೊಳೆಸಿ ಕೊಲ್ಲುವ ಈ ಪೀಡೆಗೆ ನಮ್ಮ ರೈತರು ಇಟ್ಟ ಹೆಸರೇ 'ಅಣಬೆ ರೋಗ'. ಔಷಧಿಯ ಅಣಬೆಯೂ ಇದೇ ಕುಲದ್ದೆಂದು ತಿಳಿದು, ತೋಟದಿಂದ ಕಿತ್ತು ತಂದು ಕಷಾಯ ಮಾಡುವ ಸಾಹಸಕ್ಕೆ ಯಾರೂ ಇಳಿಯಬಾರದು. ಒಂದೇ ಕುಲದಲ್ಲಿ ಜಾತಿಗಳು ಹಲವು. ಮೇಲಾಗಿ ರೋಗ ತಗುಲಿದ ಮರದ ಬುಡಕ್ಕೆ ಬೋರ್ಡೋ ದ್ರಾವಣವನ್ನೋ ಬೇರಿನ ಮೂಲಕ ಶಿಲೀಂಧ್ರನಾಶಕವನ್ನೋ ಕೊಟ್ಟಿರುತ್ತಾರೆ.

ಕಷಾಯದ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಎರಡು ಲೀಟರ್ ನೀರನ್ನು ಒಂದು ಲೀಟರಿಗೆ ಇಳಿಸಿದರೆ ಅದರ ಸಾಂದ್ರತೆ ಇಮ್ಮಡಿಯಾಗುತ್ತದೆ. ಅಂಗಡಿಯ ಪುಡಿಯನ್ನಾದರೂ ಗಂಟೆಗಟ್ಟಲೆ ಕುದಿಸುವವರು ಶುದ್ಧೀಕರಿಸಿದ ನೀರನ್ನೇ ಬಳಸಬೇಕು.

ಇನ್ನು ಮೂಲ ಪ್ರಶ್ನೆ. ಇಲ್ಲಿ ಅಣಬೆಗೂ ಅಮೈನೋ ಆಮ್ಲಕ್ಕೂ ಕಲಹವಿದೆಯೇ ಎಂಬುದಕ್ಕಿಂತ, ಇವೆರಡಕ್ಕೂ ಮಾವನವರು ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳಿಗೂ ಹೊಂದಿಕೆಯಾಗುವುದೇ ಎಂಬುದು ಮುಖ್ಯ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವುವು. ರೀಶಿಗೂ ಅಂಥದೇ ಗುಣ ಸ್ವಲ್ಪ ಮಟ್ಟಿಗೆ ಇರಬಹುದೆಂಬ ಶಂಕೆಯುಂಟು. ಮೂರೂ ಸೇರಿದರೆ ರಕ್ತಸ್ರಾವದ ಭಯ. ಅರ್ಜಿನೈನ್ ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ತಗ್ಗಿಸುತ್ತದೆ; ಒತ್ತಡದ ಮಾತ್ರೆಯೊಡನೆ ಸೇರಿ ಅದು ಅತಿಯಾದರೆ ವೃದ್ಧರು ತಲೆಸುತ್ತಿ ಬೀಳಬಹುದು.

ಅದಕ್ಕಿಂತಲೂ ಗಂಭೀರವಾದ ಸಂಗತಿಯೊಂದಿದೆ. ಹೃದಯಾಘಾತವಾದ 153 ಮಂದಿಯ ಮೇಲೆ ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ 3 ಗ್ರಾಂನಂತೆ ಮೂರು ಹೊತ್ತು ಅರ್ಜಿನೈನ್ ಕೊಟ್ಟರು. ಇನ್ನೊಂದಕ್ಕೆ ಸತ್ವವಿಲ್ಲದ ಗುಳಿಗೆ. ಹೃದಯದ ಬಲ ಹೆಚ್ಚಲಿಲ್ಲ; ಬದಲಾಗಿ ಅರ್ಜಿನೈನ್ ಪಡೆದವರಲ್ಲಿ 6 ಮಂದಿ ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ ಒಬ್ಬರೂ ಇಲ್ಲ. ಪರೀಕ್ಷೆಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಸಂಖ್ಯೆ ಚಿಕ್ಕದಾದರೂ, ಹೃದಯಾಘಾತವಾದವರಿಗೆ ಈ ಪುಡಿ ಬೇಡವೆನ್ನಲು ಇಷ್ಟು ಸಾಕು. ರೀಶಿಯ ವಿಷಯದಲ್ಲಿಯೂ, ಮಧುಮೇಹಿಗಳ ಹೃದಯಕ್ಕೆ ಒಳಿತಾಗುವುದೆಂಬ ಮಾತಿಗೆ ಆಧಾರ ಸಾಲದೆಂದು 2015ರ ಸಮೀಕ್ಷೆಯೊಂದು ತಿಳಿಸಿತು. ರೀಶಿಯ ಪುಡಿ ಸೇವಿಸಿದ ಕೆಲವರ ಯಕೃತ್ತು ಕೆಟ್ಟುದನ್ನೂ ವೈದ್ಯರು ವರದಿ ಮಾಡಿದ್ದಾರೆ.

ಹಾಗಾದರೆ ಆರೋಗ್ಯವಂತರು ಇವನ್ನು ಸೇವಿಸಬಾರದೆ? ಇಚ್ಛೆಯಿದ್ದವರು ಈ ನಿಯಮಗಳನ್ನು ಪಾಲಿಸಲಿ. ಎರಡನ್ನೂ ಒಂದೇ ದಿನ ಆರಂಭಿಸಬೇಡಿ. ಒಂದನ್ನು ಎರಡು ವಾರ ನೋಡಿ, ಬಳಿಕ ಇನ್ನೊಂದು. ಆಗ ತುರಿಕೆಯಾಗಲಿ ಹೊಟ್ಟೆಯ ತೊಂದರೆಯಾಗಲಿ ಯಾವುದರಿಂದ ಬಂತೆಂದು ತಿಳಿಯುತ್ತದೆ. ಡಬ್ಬದ ಮೇಲೆ ಅಣಬೆಯ ಜಾತಿ, ಪ್ರಮಾಣ, ತಯಾರಿಕೆಯ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. 1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ಗುಳಿಗೆ ನುಂಗಿ 1,500ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ತಯಾರಿಕೆಯಲ್ಲಿ ಸೇರಿದ್ದ ಕಲ್ಮಶದ ಮೇಲೆಯೇ ಮುಖ್ಯ ಸಂದೇಹ ಬಿದ್ದಿತು. ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ರೋಗವುಳ್ಳವರು ಎರಡರಿಂದಲೂ ದೂರವಿರಲಿ. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ವೈದ್ಯರಿಗೆ ತಿಳಿಸಿ. ಕಣ್ಣು ಹಳದಿಯಾದರೆ, ಮಲ ಕಪ್ಪಾದರೆ, ವಸಡಿನಲ್ಲಿ ರಕ್ತ ಕಂಡರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಬಲದ ಮಾತಿಗೆ ಬಂದರೆ, ನಿಮ್ಮ ಸೀಮೆಯ ಊಟವೇನೂ ಬಡವಲ್ಲ. ಧಾನ್ಯಗಳಲ್ಲಿ ಕಡಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಕಾಳುಗಳು ತುಂಬಿಕೊಡುತ್ತವೆ. ಕಾಳುಗಳಲ್ಲಿ ಕಡಮೆಯಿರುವ ಮೆಥಿಯೊನೀನ್ ರಾಗಿಯಲ್ಲಿದೆ. ರಾಗಿಮುದ್ದೆಗೆ ಹುರುಳಿಕಾಳಿನ ಸಾರು ಕೂಡಿಸಿದ ಹಿರಿಯರು ರಸಾಯನಶಾಸ್ತ್ರ ಓದಿದವರಲ್ಲ. ಆದರೂ ಲೆಕ್ಕ ಸರಿಯಾಗಿದೆ. ಅರ್ಜಿನೈನ್ ಕೂಡ ಪಾವಗಡದ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿಯಲ್ಲಿ ಧಾರಾಳವಾಗಿದೆ: 30 ಗ್ರಾಂ ಬೀಜದಲ್ಲಿ ಸುಮಾರು 1 ಗ್ರಾಂ. ಆಹಾರದ ಈ ಅಲ್ಪ ಪ್ರಮಾಣಕ್ಕೂ ದಿನಕ್ಕೆ 9 ಗ್ರಾಂ ಪುಡಿಗೂ ಬಹಳ ಅಂತರವುಂಟು.

ಸೋದರಿ, ಮುಂದಿನ ಸಲ ಮಾವನವರನ್ನು ಹೃದ್ರೋಗ ತಜ್ಞರಲ್ಲಿಗೆ ಕರೆದೊಯ್ಯುವಾಗ ಎರಡು ಡಬ್ಬಗಳನ್ನೂ ಕೈಚೀಲದಲ್ಲಿಟ್ಟುಕೊಂಡು ಹೋಗಿ ತೋರಿಸಿ. ಮೈದುನನೂ ಅಂದು ಜೊತೆಗೆ ಬರಲಿ. ಬೇಡವೆಂಬ ಮಾತು ಅತ್ತಿಗೆಯ ಬಾಯಿಂದ ಬರುವುದಕ್ಕಿಂತ ವೈದ್ಯರ ಬಾಯಿಂದ ಬಂದರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮಾತ್ರೆಗಳನ್ನು ಮಾತ್ರ ವೈದ್ಯರು ಹೇಳುವವರೆಗೆ ಒಂದು ದಿನವೂ ತಪ್ಪಿಸಬೇಡಿ.