ಗೆದ್ದವರು ಯಾರು?

ಪಂದ್ಯ ಮುಗಿಸಿ ಮಕ್ಕಳು ಮನೆಗೆ ಬಂದೊಡನೆ ತಾಯಿತಂದೆಗಳು ಕೇಳುವ ಮೊದಲ ಮಾತು, “ಗೆದ್ದವರು ಯಾರು?” ಎಂಬುದು. ಪ್ರಶ್ನೆಯು ಸಹಜವಾದುದೇ. ಗೋಲುಗಳನ್ನು ಎಣಿಸದೆ ಕಾಲ್ಚೆಂಡಾಟವನ್ನು ಆಡಲಾಗದು. ಸೋಲು ಗೆಲುವುಗಳೆರಡೂ ಒಂದೇ ಎಂದು ನಾವು ಬೋಧಿಸಿದರೆ ಮಕ್ಕಳು ನಂಬಲಾರರು, ನಂಬಬೇಕಾದುದೂ ಇಲ್ಲ. ಆದರೆ ಹೈಸ್ಕೂಲಿನ ಪಂದ್ಯವೊಂದರಲ್ಲಿ ತಂಡಗಳು ಹೇಗೆ ಆಡಿದುವೆಂಬುದನ್ನು ತಿಳಿಯಲು ಆ ಒಂದು ಪ್ರಶ್ನೆ ಸಾಲದೆಂದು ನಮ್ಮ ಶಾಲೆಯ ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅರಿಕೆ ಮಾಡಿಕೊಳ್ಳಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಇದಕ್ಕೆ ಕಾರಣವಿದೆ. ಈ ವರ್ಷ ನಮ್ಮ ಹುಡುಗಿಯರು ನೆರೆಯೂರಿನ ಶಾಲೆಯ ತಂಡದೊಡನೆ ಆಡಿ, ಒಂದು ಗೋಲನ್ನೂ ಹೊಡೆಯಲಾರದೆ, ಐದು ಗೋಲುಗಳಿಂದ ಸೋತರು. ಮರುವಾರವೇ ಮೂವರು ಪೋಷಕರು ಬಂದು ತಮ್ಮ ಮಕ್ಕಳ ಹೆಸರನ್ನು ತಂಡದಿಂದ ತೆಗೆಯಬೇಕೆಂದು ಕೇಳಿದರು. ನಾಲ್ಕು ಜನರೆದುರು ಸೋತು ನಗೆಪಾಟಲಾಗುವುದಕ್ಕೆ ಓದಿನ ಹೊತ್ತನ್ನೇಕೆ ಕಳೆಯಬೇಕೆಂಬುದು ಒಬ್ಬರ ವಾದ. ವಯಸ್ಸಿಗೆ ಬಂದ ಹೆಣ್ಣುಮಗಳಿಗೆ ಬಯಲಿನಲ್ಲಿ ಓಡಾಟವೇಕೆಂಬುದು ಮತ್ತೊಬ್ಬರದು. ಅವರೆಲ್ಲರೂ ಮಕ್ಕಳ ಹಿತವನ್ನೇ ಬಯಸುವವರು. ಆದುದರಿಂದ ಅವರಿಗೆ ಉತ್ತರ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ಆ ಪಂದ್ಯವನ್ನೇ ನೋಡೋಣ. ಪೂರ್ವಾರ್ಧದಲ್ಲಿ ನಮ್ಮ ಮಕ್ಕಳು ಚೆಂಡು ಹೋದಲ್ಲಿಗೆ ಹಿಂಡಾಗಿ ಓಡಿದರು. ಎದುರು ತಂಡದವರಾದರೋ ತಮ್ಮ ತಮ್ಮ ಸ್ಥಾನಗಳಲ್ಲಿ ನಿಂತು, ತೆರವಾಗಿದ್ದ ಕಡೆಗೆ ಚೆಂಡನ್ನು ಸಾಗಿಸಿ, ನಾಲ್ಕು ಗೋಲುಗಳನ್ನು ಹೊಡೆದರು. ಅವರ ಆಟ ನಿಜವಾಗಿಯೂ ಅಂದವಾಗಿತ್ತು; ಅದನ್ನು ಹೊಗಳದಿರುವುದು ಸಣ್ಣತನ. ವಿರಾಮದ ಬಳಿಕ ನಮ್ಮ ಹುಡುಗಿಯರೂ ಸ್ಥಾನ ಬಿಡದೆ ನಿಲ್ಲತೊಡಗಿದರು. ಚೆಂಡು ಸಿಕ್ಕಿದವಳು ತಾನೇ ಒದೆದುಬಿಡದೆ ತಲೆಯೆತ್ತಿ ಗೆಳತಿಯನ್ನು ಹುಡುಕಿದಳು. ಉತ್ತರಾರ್ಧದಲ್ಲಿ ನಮ್ಮ ಮೇಲೆ ಆದುದು ಒಂದೇ ಗೋಲು. ನಾಲ್ಕು ಗೋಲುಗಳ ಹಿಂದೆ ಬಿದ್ದ ಮೇಲೆ, ಜನರು ನಗುತ್ತಿರುವಾಗ, ಆಟದ ರೀತಿಯನ್ನೇ ತಿದ್ದಿಕೊಳ್ಳುವುದು ಸುಲಭವಲ್ಲ. ಮನೆಯಲ್ಲಿ “ಐದು–ಸೊನ್ನೆ” ಎಂಬ ಲೆಕ್ಕವನ್ನು ಮಾತ್ರ ಕೇಳಿದವರಿಗೆ ಈ ಸಂಗತಿ ತಿಳಿಯಲೇ ಇಲ್ಲ.

ಶಾಲೆಯ ಆಟವನ್ನು ಗೋಲುಗಳಿಂದಲೇ ಅಳೆಯಲಾಗದೆಂಬುದಕ್ಕೆ ನಮ್ಮ ದೇಶದ ಮಿಶನ್ ಶಾಲೆಗಳ ಚರಿತ್ರೆಯಲ್ಲೇ ಒಂದು ನಿದರ್ಶನವಿದೆ. ಸೆಸಿಲ್ ಟಿಂಡೇಲ್-ಬಿಸ್ಕೋ ಎಂಬವರು 1890ರ ಕೊನೆಯಲ್ಲಿ ಕಾಶ್ಮೀರದ ಶ್ರೀನಗರಕ್ಕೆ ಬಂದು ಅಲ್ಲಿಯ ಮಿಶನ್ ಹುಡುಗರ ಶಾಲೆಯನ್ನು ವಹಿಸಿಕೊಂಡರು. ಮರುವರ್ಷ ಅವರು ಮುಂಬಯಿಯಿಂದ ತಂದ ಚರ್ಮದ ಚೆಂಡನ್ನು ಶಾಲೆಯಲ್ಲಿ ತೋರಿಸಿದಾಗ, ಬಹುಮಟ್ಟಿಗೆ ಬ್ರಾಹ್ಮಣರ ಮನೆಗಳಿಂದ ಬಂದಿದ್ದ ಆ ಹುಡುಗರು ಅದನ್ನು ಮುಟ್ಟಲೊಲ್ಲೆವೆಂದರು. ಆಡಿದರೆ ಹಣ ದೊರೆಯುವುದೋ ಎಂದು ವಿಚಾರಿಸಿ, ಇಲ್ಲವೆಂದು ತಿಳಿದ ಮೇಲಂತೂ ಅವರಿಗೆ ಆಸಕ್ತಿಯೇ ಉಳಿಯಲಿಲ್ಲ. ಉದ್ದನೆಯ ನಿಲುವಂಗಿಯನ್ನೂ ಮರದ ಪಾದುಕೆಗಳನ್ನೂ ಧರಿಸಿದ್ದ ಅವರನ್ನು, ಉಪಾಧ್ಯಾಯರ ಕೈಗೆ ಕೋಲು ಕೊಟ್ಟು, ಬಯಲಿಗೆ ಅಟ್ಟಬೇಕಾಯಿತು. ಆಟದ ನಡುವೆ ಚೆಂಡು ಹುಡುಗನೊಬ್ಬನ ಮುಖಕ್ಕೆ ತಾಗಿತು. ಚರ್ಮವು ತುಟಿಗೆ ಸೋಂಕಿತೆಂದು ಅವನು ಅತ್ತನು, ಉಳಿದವರು ಕೂಗೆಬ್ಬಿಸಿದರು. ಅವನನ್ನು ನೀರಿನ ಬಳಿಗೆ ಕರೆದೊಯ್ದು ಮುಖ ತೊಳೆಸಿರೆಂದು ಬಿಸ್ಕೋ ಹೇಳಿದರು. ಹಾಗೆಯೇ ಮಾಡಿದರು; ಆಟ ಮುಂದುವರಿಯಿತು.

ಕೋಲಿನ ಭಯದಿಂದ ಮಕ್ಕಳನ್ನು ಆಡಿಸುವುದನ್ನು ನಾನು ಒಪ್ಪಲಾರೆ. ಮನಸ್ಸಿಲ್ಲದ ಮಗುವನ್ನು ಬಯಲಿಗೆ ಎಳೆದರೆ ಅದು ಆಟವಾಗುವುದಿಲ್ಲ. ಒಬ್ಬರ ಮನೆಯ ಆಚಾರವನ್ನು ಹಾಸ್ಯಮಾಡುವುದೂ ಉಪಾಧ್ಯಾಯರಿಗೆ ತಕ್ಕುದಲ್ಲ. ಆದರೂ ಆ ದಿನದ ಗೋಲುಗಳ ಲೆಕ್ಕವನ್ನು ಇಂದು ಯಾರೂ ಕೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಅಳುತ್ತ ಹೋದವನು ಮುಖ ತೊಳೆದುಕೊಂಡು ಬಂದ ಮೇಲೆ ಎಲ್ಲರೂ ಮತ್ತೆ ಚೆಂಡಿನ ಬೆನ್ನುಹತ್ತಿದರೆಂಬುದೊಂದೇ ಜ್ಞಾಪಕದಲ್ಲಿ ಉಳಿದಿದೆ. ಮುಂದೆ ಆ ಶಾಲೆಯಲ್ಲಿ ಬುದ್ಧಿ, ದೇಹ, ಆತ್ಮ ಎಂದು ಮೂರು ಭಾಗ ಮಾಡಿ ಪ್ರತಿ ವಿದ್ಯಾರ್ಥಿಗೂ ಗುಣದ ಪಟ್ಟಿಯೊಂದನ್ನು ಬರೆಯುವ ಕ್ರಮ ಬಂದಿತು. ಪರೀಕ್ಷೆಯ ಅಂಕಗಳು ಅದರಲ್ಲಿ ಒಂದು ಭಾಗ ಮಾತ್ರ. ನಮ್ಮ ಇಂದಿನ ಅಂಕಪಟ್ಟಿಗಳು ಈ ವಿಷಯದಲ್ಲಿ ಹಿಂದೆ ಬಿದ್ದಿವೆಯೆಂದೇ ನನ್ನ ಅಭಿಪ್ರಾಯ.

ಇವು ಹುಡುಗರ ಮಾತಾಯಿತು, ಹೆಣ್ಣುಮಕ್ಕಳ ಸಂಗತಿ ಬೇರೆ ಎನ್ನುವವರಿದ್ದಾರೆ. ಕಾಲ್ಚೆಂಡಿನ ತವರಾದ ಇಂಗ್ಲೆಂಡಿನಲ್ಲಿಯೂ ಹೀಗೆಯೇ ಹೇಳಿದ್ದರು. ಪ್ರೆಸ್ಟನ್ ಊರಿನ ಕಾರ್ಖಾನೆಯೊಂದರ ಹೆಣ್ಣಾಳುಗಳು ಕೂಡಿ ಕಟ್ಟಿದ ‘ಡಿಕ್, ಕೆರ್ ಲೇಡೀಸ್’ ಎಂಬ ತಂಡದ ಪಂದ್ಯವನ್ನು ನೋಡಲು 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸುಮಾರು 53,000 ಜನರು ನೆರೆದಿದ್ದರು. ಒಂದು ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಅಲ್ಲಿಯ ಫುಟ್‌ಬಾಲ್ ಸಂಘವು ಈ ಆಟವು ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಅಂಗಸಂಸ್ಥೆಗಳ ಮೈದಾನಗಳನ್ನು ಅವರಿಗೆ ಕೊಡಕೂಡದೆಂದು ವಿಧಿಸಿತು. ಆ ನಿರ್ಬಂಧವು ತೊಲಗಲು ಸುಮಾರು 50 ವರ್ಷಗಳು ಹಿಡಿದುವು. ಆ ಹೆಂಗಸರು ಸೋತುದರಿಂದ ಮೈದಾನ ಕಳೆದುಕೊಂಡವರಲ್ಲ. ಅವರು ಚೆನ್ನಾಗಿಯೇ ಆಡುತ್ತಿದ್ದರು. ಆಡಲು ಸ್ಥಳ ಕೊಡುವ ಅಧಿಕಾರವಿದ್ದವರು ಕೊಡಲಿಲ್ಲ, ಅಷ್ಟೆ. ಇಂದು ಆ ಅಧಿಕಾರವು ಬಹುಮಟ್ಟಿಗೆ ನಮ್ಮ ಮನೆಗಳಲ್ಲಿದೆ. ಮಗಳ ಹೆಸರನ್ನು ಪಟ್ಟಿಯಿಂದ ತೆಗೆಸಿದರೆ ಅವಳ ಪಾಲಿನ ಮೈದಾನಕ್ಕೆ ಬೇಲಿ ಬಿದ್ದಂತೆಯೇ.

ಇನ್ನು ನಮ್ಮ ದೇಶದ ವಿಷಯ. 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪು 2022ರ ಅಕ್ಟೋಬರಿನಲ್ಲಿ ಭಾರತದಲ್ಲಿಯೇ ನಡೆಯಿತು. ಆಡಿದವರು ನಮ್ಮ ಹೈಸ್ಕೂಲು, ಕಾಲೇಜುಗಳ ಮಕ್ಕಳ ವಯಸ್ಸಿನವರೇ. ಭುವನೇಶ್ವರದಲ್ಲಿ ಭಾರತ ತಂಡವು ಮೊದಲು ಅಮೆರಿಕಕ್ಕೆ 8 ಗೋಲುಗಳಿಂದ, ಅನಂತರ ಮೊರಾಕ್ಕೊಗೆ 3ರಿಂದ, ಕಡೆಗೆ ಬ್ರೆಜಿಲಿಗೆ 5ರಿಂದ ಸೋತಿತು. ಮೂರು ಪಂದ್ಯಗಳಲ್ಲಿ ನಮ್ಮವರು ಹೊಡೆದ ಗೋಲು ಒಂದೂ ಇಲ್ಲ. ಲೆಕ್ಕವನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಚಿಕ್ಕಂದಿನಿಂದ ಆಡಿ ಬೆಳೆದವರಿಗೂ ತಡವಾಗಿ ಚೆಂಡು ಕಂಡವರಿಗೂ ಇರುವ ಅಂತರವನ್ನು ಆ ಲೆಕ್ಕವು ತೋರಿಸುತ್ತದೆ. ಆದರೆ ಎಂಟು ಗೋಲುಗಳ ಸೋಲನ್ನುಂಡ ಮಕ್ಕಳು ಮೂರು ದಿನಗಳೊಳಗಾಗಿ ಅದೇ ಬಯಲಿಗೆ ಮತ್ತೆ ಇಳಿದರೆಂಬುದನ್ನೂ ಅದು ಹೇಳುತ್ತದಲ್ಲವೆ? 2025ರ ಜುಲೈ 5ರಂದು ಭಾರತದ ಹಿರಿಯ ಮಹಿಳೆಯರ ತಂಡವು, ಎರಡು ಬಾರಿ ವಿಶ್ವಕಪ್ಪಿನಲ್ಲಿ ಆಡಿದ್ದ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಇವರೇ ಅವರೆಂದು ನಾನು ಹೇಳುತ್ತಿಲ್ಲ. ಸೋಲಿಗೆ ಅಂಜಿ ಮನೆಮನೆಯಲ್ಲಿಯೂ ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದಿದ್ದರೆ ಇಂಥ ಗೆಲುವು ಎಂದೂ ಬರಲಾರದೆಂಬುದಷ್ಟೇ ನನ್ನ ಮಾತು.

ಹಾಗಾದರೆ ಶಾಲೆಯು ಮಾಡತಕ್ಕುದೇನೂ ಇಲ್ಲವೆ? ಇದೆ. ಕಾಲ್ಚೆಂಡಿನ ಗೋಲು 8 ಗಜ ಅಗಲ, 8 ಅಡಿ ಎತ್ತರ. ದೊಡ್ಡವರ ಅಳತೆ ಅದು. ಹದಿಮೂರರ ಹುಡುಗಿಯು ಎಷ್ಟು ಜಿಗಿದರೂ ಅದನ್ನು ಕಾಯಲಾರಳು. ಎಳೆಯರಿಗಾಗಿ ಗೋಲನ್ನೂ ಮೈದಾನವನ್ನೂ ಚೆಂಡನ್ನೂ ಕಿರಿದುಮಾಡಿ, ಆಟದ ಅವಧಿಯನ್ನು ತಗ್ಗಿಸಲು ಆಟದ ನಿಯಮಗಳೇ ಅವಕಾಶ ಕೊಡುತ್ತವೆ. ಆದುದರಿಂದ ಬರುವ ವರ್ಷದಿಂದ ಕೆಳಗಿನ ತರಗತಿಯವರು ಏಳೇಳು ಮಂದಿಯ ತಂಡಗಳಾಗಿ, 4ನೆಯ ಅಳತೆಯ ಚೆಂಡಿನಿಂದ, ಚಿಕ್ಕ ಗೋಲುಗಳಿಗೆ ಆಡುವರು. ಚೆಂಡು ಮೇಲಿಂದಮೇಲೆ ಕಾಲಿಗೆ ಸಿಕ್ಕಿದರಲ್ಲದೆ ಕಾಲು ಕಲಿಯುವುದಿಲ್ಲ. ಅಭ್ಯಾಸವು ಸಂಜೆ ಒಂದು ಗಂಟೆ ಮಾತ್ರ. ಉಪಾಧ್ಯಾಯಿನಿಯೊಬ್ಬರು ಕಡೆಯ ಮಗುವು ಮನೆಗೆ ಹೊರಡುವವರೆಗೆ ಬಯಲಿನಲ್ಲಿಯೇ ಇರುವರು. ಪರೀಕ್ಷೆಯ ತಿಂಗಳಲ್ಲಿ ಪಂದ್ಯಗಳಿರುವುದಿಲ್ಲ.

ಪೋಷಕರಲ್ಲಿ ನನ್ನ ಬೇಡಿಕೆ ಇಷ್ಟೆ. ಮಗಳು ಮೈ ಮಣ್ಣು ಮಾಡಿಕೊಂಡು ಬಂದಾಗ ಗೆದ್ದವರು ಯಾರೆಂದು ಅವಶ್ಯವಾಗಿ ಕೇಳಿರಿ. ಅದರೊಡನೆ ಇನ್ನೂ ಎರಡು ಮಾತು ಕೇಳಿರಿ: ನೀನು ಯಾರಿಗೆ ಚೆಂಡು ಕೊಟ್ಟೆ? ಗೋಲಾದ ಮೇಲೆ ಏನು ಮಾಡಿದೆ? ಮೊದಲನೆಯದರ ಉತ್ತರದಿಂದ ಅವಳು ಇತರರೊಡನೆ ಬಾಳುವ ರೀತಿ ತಿಳಿಯುವುದು. ಎರಡನೆಯದರಿಂದ ಅವಳ ಮನಸ್ಸಿನ ಗಟ್ಟಿತನ ತಿಳಿಯುವುದು. ಅತ್ತೆಯ ಮನೆಯಾಗಲಿ, ಆಸ್ಪತ್ರೆಯಾಗಲಿ, ಕಚೇರಿಯಾಗಲಿ, ಅವಳು ಮುಂದೆ ಸೇರುವ ಯಾವ ಸ್ಥಳದಲ್ಲಿಯೂ ಇವೆರಡರ ಪರೀಕ್ಷೆ ನಡೆದೇ ನಡೆಯುವುದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇದೇ ಬಯಲಿನಲ್ಲಿ ಥ್ರೋಬಾಲನ್ನೂ ರಿಂಗನ್ನೂ ಆಡಿ, ಮೊಣಕಾಲು ಕೆತ್ತಿಕೊಂಡು, ಮಾರನೆಯ ದಿನ ಕುಂಟುತ್ತ ತರಗತಿಗೆ ಬಂದವರು. ಈಗ ಊರೂರುಗಳಲ್ಲಿ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿದ್ದೀರಿ. ನಿಮ್ಮ ತಂಗಿಯರಿಗೆ ನೀವು ಮಾಡಬಹುದಾದ ಉಪಕಾರ ದೊಡ್ಡದಲ್ಲ. ಮುಂದಿನ ಪಂದ್ಯದ ದಿನ ಬಂದು ಗೆರೆಯ ಹೊರಗೆ ನಿಲ್ಲಿರಿ. ನಮ್ಮವರು ಚೆನ್ನಾಗಿ ಆಡಿದರೆ ಚಪ್ಪಾಳೆ ತಟ್ಟಿರಿ. ಎದುರು ತಂಡದವರು ಚೆನ್ನಾಗಿ ಆಡಿದರೂ ತಟ್ಟಿರಿ. ಹೆಸರು ತೆಗೆಸಲು ಬಂದಿದ್ದ ಮೂವರಲ್ಲಿ ಒಬ್ಬರು ಮಗಳನ್ನು ಮತ್ತೆ ಕಳುಹಿಸುತ್ತಿದ್ದಾರೆ. ಉಳಿದ ಇಬ್ಬರ ಸ್ಥಾನಗಳನ್ನು ನಾನು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ.

—ಮುಖ್ಯೋಪಾಧ್ಯಾಯಿನಿ